ಕೊಳಗ ಯಾರ ಕೈಯಲ್ಲಿದೆ?

ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ತಳ್ಳುಗಾಡಿ ನಿಲ್ಲುತ್ತದೆ. ಅದರ ಮೇಲೆ ಪಂಚಾಂಗ, ಅಡುಗೆ ಪುಸ್ತಕ, ದೇವರ ಮಹಾತ್ಮೆ. ಪಕ್ಕದಲ್ಲೇ ಹೊಳೆಯುವ ರಟ್ಟಿನ ಇನ್ನೊಂದು ಜಾತಿಯ ಪುಸ್ತಕಗಳು. ಗೆಲ್ಲುವುದು ಹೇಗೆ. ಶ್ರೀಮಂತನಾಗುವುದು ಹೇಗೆ. ಜನರನ್ನು ಒಲಿಸಿಕೊಳ್ಳುವುದು ಹೇಗೆ. ಮೇಲಧಿಕಾರಿಯ ಮೆಚ್ಚುಗೆ ಪಡೆಯುವುದು ಹೇಗೆ. ನಮ್ಮ ಅಪ್ಪಂದಿರು ಶುಂಠಿ ಚೀಲ ಹೊತ್ತು ಇಂಥ ಗಾಡಿಗಳ ಮುಂದೆ ಹಾದುಹೋದರು. ಅವರಿಗೆ ಅಕ್ಷರ ಇರಲಿಲ್ಲ, ಬಚಾವಾದರು. ನಾವು ನಿಂತೆವು. ಅಕ್ಷರ ಕಲಿತ ಮೊದಲ ತಲೆಮಾರು ನಾವು. ಕಲಿತ ಅಕ್ಷರಕ್ಕೆ ಮೊದಲು ಬಿದ್ದ ಮೇವು ಇದು.

ನಾವೆಂದರೆ ಯಾರು? ಈ ಊರಿನ ಸುತ್ತಲ ಕೇರಿಗಳಿಂದ ಡಿಗ್ರಿ ಮುಗಿಸಿ ಹೊರಬಿದ್ದವರು. ನಮ್ಮಲ್ಲೊಬ್ಬ ಸಣ್ಣ ಸಾಲ ಕೊಟ್ಟು ವಸೂಲಿ ಮಾಡುವ ಒಂದು ಕಂಪನಿಗೆ ಸೇರಿದ. ಒಬ್ಬಳು ಗಾರ್ಮೆಂಟ್ಸ್ ಸೇರಿದಳು. ಎಂ.ಎ. ಮಾಡಿದ ಒಬ್ಬ ಬೆಂಗಳೂರಿನಲ್ಲಿ ಬೈಕಿನ ಮೇಲೆ ಕಂಡವರ ಮನೆಗೆ ಊಟ ಹಂಚುತ್ತಾನೆ, ತಾನು ರಾತ್ರಿ ಹನ್ನೊಂದಕ್ಕೆ ಉಣ್ಣುತ್ತಾನೆ. ಇನ್ನೊಬ್ಬ ಅತಿಥಿ ಉಪನ್ಯಾಸಕ. ವರ್ಷಾನುಗಟ್ಟಲೆ ಅತಿಥಿ. ಇದನ್ನು ಬರೆಯುತ್ತಿರುವ ಕೈ ಪದ್ಯ ಬರೆಯುವ ಕೈ. ಅದಕ್ಕೆ ಸಂಬಳವೇ ಇಲ್ಲ, ಆದ್ದರಿಂದ ಹೆದರಿಕೆಯೂ ಕಡಿಮೆ.

ಸುಳ್ಳು ಯಾಕೆ ಹೇಳಬೇಕು? ಈ ಪುಸ್ತಕಗಳನ್ನು ನಾವು ಓದಿದ್ದೇವೆ. ಹಾಸ್ಟೆಲಿನ ಕೋಣೆಯಲ್ಲಿ ಒಂದೇ ಪ್ರತಿ ಆರು ಕೈ ದಾಟಿದೆ. ಎದುರಿಗೆ ಕೂತವರ ಕಣ್ಣು ನೋಡಿ ಮಾತಾಡು ಎಂದು ಅವು ಹೇಳಿದವು. ಕಣ್ಣು ತಗ್ಗಿಸಿಯೇ ಬದುಕಿದ ಮನೆಯಿಂದ ಬಂದ ನಮಗೆ ಅದು ದೊಡ್ಡ ಮಾತು. ಸಂದರ್ಶನದ ಹಿಂದಿನ ರಾತ್ರಿ ಒಂದಿಷ್ಟು ಧೈರ್ಯ ಕೊಟ್ಟದ್ದೂ ಉಂಟು. ಅಷ್ಟಕ್ಕೆ ಋಣ ಒಪ್ಪುತ್ತೇವೆ. ಆದರೆ ಕೊಟ್ಟ ಧೈರ್ಯಕ್ಕೆ ಅವು ಆಮೇಲೆ ವಸೂಲು ಮಾಡಿದ ಬಡ್ಡಿಯ ಲೆಕ್ಕವನ್ನೂ ಕೊಡಬೇಕಲ್ಲ. ಕೊಡುತ್ತೇವೆ, ಕೇಳಿ.

ಸಾಲದ ಕಂಪನಿಗೆ ಸೇರಿದ ಗೆಳೆಯನಿಗೆ ಮೂರು ದಿನ ತರಬೇತಿ ಕೊಟ್ಟರು. ಟೈ ಕಟ್ಟಿದ ಒಬ್ಬ ಮಹಾಶಯರು ಬಂದು ಡೇಲ್ ಕಾರ್ನೆಗಿಯ ಪಾಠ ಹೇಳಿದರು. ನಗು. ಎದುರಿನವರ ಹೆಸರು ನೆನಪಿಟ್ಟು ಕರಿ. ವಾದ ಮಾಡಬೇಡ. ತಪ್ಪು ಎತ್ತಿ ಆಡಬೇಡ. ಅವರ ಮನಸ್ಸಿನಲ್ಲಿ ಆಸೆ ಹುಟ್ಟಿಸು. ಕೊನೆಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿ ‘ನನ್ನಿಂದ ಸಾಧ್ಯ’ ಎಂದು ಮೂರು ಸಲ ಕೂಗಬೇಕು. ಕೂಗಿದ. ಊರ ದ್ಯಾವರ ಜಾತ್ರೆಯಲ್ಲೂ ಅಷ್ಟು ಜೋರಾಗಿ ಕೂಗಿದವನಲ್ಲ.

ಆಮೇಲೆ ಅವನನ್ನು ವಸೂಲಿಗೆ ಕಳಿಸಿದ್ದು ಎಲ್ಲಿಗೆ? ನಮ್ಮ ಕೇರಿಗಳಿಗೇ. ನಮ್ಮ ಭಾಷೆ ಬಲ್ಲವನು, ನಮ್ಮ ಬಾಗಿಲು ಬಲ್ಲವನು, ಹೆಸರು ಹಿಡಿದು ಕರೆಯಬಲ್ಲವನು. ಕಾರ್ನೆಗಿಗೂ ಇದಕ್ಕಿಂತ ಒಳ್ಳೆಯ ಶಿಷ್ಯ ಸಿಗುತ್ತಿರಲಿಲ್ಲ. ಅವನು ಹೋಗಿ ಚಿಗವ್ವನ ಬಾಗಿಲಲ್ಲಿ ನಿಂತು, ಕಲಿತ ಹಾಗೆ ನಕ್ಕ. ಮಕ್ಕಳ ಹೆಸರೆತ್ತಿ ಯೋಗಕ್ಷೇಮ ಕೇಳಿದ. ಆಮೇಲೆ ಮೆಲ್ಲಗೆ ಕಂತಿನ ಮಾತು ತೆಗೆದ. ಚಿಗವ್ವ ಅವನ ಮುಖ ನೋಡಿ ಅಂದಳು: “ನಗಬ್ಯಾಡೋ ತಮ್ಮಾ. ಬೈದು ಕೇಳು. ನಕ್ಕೊಂತ ಕೇಳಿದ್ರ ಒಡೇರ ಮನಿ ಜಗಲಿ ನೆನಪಾಕ್ಕತಿ.”

ಅಕ್ಷರ ಬಾರದ ಹೆಂಗಸು ಒಂದೇ ಮಾತಿನಲ್ಲಿ ಆ ಪುಸ್ತಕದ ವಿಮರ್ಶೆ ಬರೆದು ಮುಗಿಸಿದಳು.

ಹೆಸರು ಹಿಡಿದು ಕರೆ ಎನ್ನುತ್ತಾರೆ. ನಮ್ಮ ಅಜ್ಜಂದಿರ ಹೆಸರನ್ನು ಒಡೆಯರ ಮನೆಯ ಎಂಟು ವರ್ಷದ ಹುಡುಗನೂ ಮರೆಯಲಿಲ್ಲ. ಹೆಸರಿನ ಹಿಂದೆ ಒಂದು ‘ಲೇ’ ಸೇರಿಸಿಯೇ ಕರೆದ. ನಗು ಎನ್ನುತ್ತಾರೆ. ಚಪ್ಪಲಿ ಕೈಯಲ್ಲಿ ಹಿಡಿದು ಬೀದಿ ದಾಟುವಾಗಲೂ ನಮ್ಮವರು ನಕ್ಕೇ ದಾಟಿದ್ದಾರೆ. ವಾದ ಮಾಡಬೇಡ ಎನ್ನುತ್ತಾರೆ. ಎಷ್ಟು ತಲೆಮಾರು ವಾದ ಮಾಡಿದ್ದೇವೆ ಹೇಳಿ? ಈ ಮೂರು ಪಾಠ ನಮಗೆ ಹೊಸದಲ್ಲ ಸ್ವಾಮಿ. ಇವನ್ನು ನಮ್ಮವರಿಗೆ ಬೆತ್ತ ಹಿಡಿದು ಕಲಿಸಿದ್ದರು. ಈಗ ನಾವು ದುಡ್ಡು ಕೊಟ್ಟು ಕಲಿಯಬೇಕಂತೆ.

ಕಾರ್ನೆಗಿಯ ಬಗ್ಗೆ ಒಂದು ಸಂಗತಿ ಗೊತ್ತಿರಲಿ. ಅವನು ಅಮೆರಿಕದ ಮಿಸೌರಿಯ ಬಡ ರೈತನ ಮಗ. ಬಡತನ ಅವನಿಗೂ ಗೊತ್ತಿತ್ತು. ಅವನ ಮನೆತನದ ಹೆಸರಿನ ಕಾಗುಣಿತ ಬೇರೆ ಇತ್ತು. ಅದನ್ನು ಬದಲಿಸಿ, ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಹೆಸರಿನ ಹಾಗೇ ಬರೆದುಕೊಂಡ. ಸಂಬಂಧ ಏನೂ ಇರಲಿಲ್ಲ. ಎರಡು ಅಕ್ಷರ ತಿದ್ದಿದರೆ ಅಲ್ಲಿ ಮನುಷ್ಯ ಬೇರೆ ಕಾಣುತ್ತಾನೆ. ಇಲ್ಲಿ ನಾವೂ ಹೆಸರು ತಿದ್ದಿ ನೋಡಿದ್ದೇವೆ. ಕೆಂಚ, ಕರಿಯ ಹೋಗಿ ಕಿರಣ, ಕಾರ್ತಿಕ ಆಗಿದ್ದೇವೆ. ಬಾಡಿಗೆ ಮನೆ ಕೇಳಲು ಹೋದರೆ ಹೆಸರಿನ ನಂತರ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ: ‘ನೀವು ಯಾವ ಕಡೆಯವರು?’ ಊರು ಹೇಳುತ್ತೇವೆ. ‘ಅದಲ್ಲ...’ ಎಂದು ನಗುತ್ತಾರೆ. ನಗು ಎಂಬ ಪಾಠವನ್ನು ಅವರೂ ಓದಿರುತ್ತಾರೆ.

ಕಾರ್ನೆಗಿಯ ಆ ಪುಸ್ತಕ ಅಚ್ಚಾದದ್ದು 1936ರಲ್ಲಿ. ಅದೇ 1936ರಲ್ಲಿ ಇನ್ನೊಂದು ಪುಸ್ತಕ ಅಚ್ಚಾಯಿತು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಬಾಬಾಸಾಹೇಬ್ ಅಂಬೇಡ್ಕರರನ್ನು ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಕರೆದಿತ್ತು. ಬರೆದ ಭಾಷಣ ಓದಿ ಮಂಡಲದವರು ಬೆವತರು. ಇದನ್ನು ಬಿಡಿ, ಅದನ್ನು ಮೆದು ಮಾಡಿ ಎಂದರು. ಬಾಬಾಸಾಹೇಬರು ತಿದ್ದಲಿಲ್ಲ. ಸಮ್ಮೇಳನವೇ ರದ್ದಾಯಿತು. ಆಡಲಾಗದ ಆ ಭಾಷಣವನ್ನು ಅವರು ತಮ್ಮ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’.

ಒಂದೇ ವರ್ಷ, ಎರಡು ಪುಸ್ತಕ. ಕರೆದವರ ಮನಸ್ಸು ನೋಯಿಸದೆ ಕೆಲಸ ಸಾಧಿಸು ಎಂದು ಒಂದು ಹೇಳಿತು. ಕರೆದವರ ವೇದಿಕೆಯನ್ನೇ ಕಳಕೊಂಡು ಇನ್ನೊಂದು ಹುಟ್ಟಿತು. ಕಾರ್ನೆಗಿಯ ಲೆಕ್ಕದಲ್ಲಿ ಬಾಬಾಸಾಹೇಬರು ಫೇಲು. ಸ್ನೇಹಿತರನ್ನು ಗಳಿಸಲಿಲ್ಲ. ಆದರೆ ಇವತ್ತು ನಾವು ಶಾಲೆಯ ಬೆಂಚಿನ ಮೇಲೆ ಕೂತದ್ದು, ಈ ಪೆನ್ನು ಹಿಡಿದದ್ದು ಯಾರ ಪುಸ್ತಕದಿಂದ?

ಇನ್ನು ಕೆಲಸದ ಜಾಗದ ಪಾಠವಂತೆ! 1917ರಲ್ಲಿ ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಆ ಹೊತ್ತಿಗೆ ಅವರು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದ್ದರು, ಲಂಡನ್ನಿನಲ್ಲಿ ಓದಿದ್ದರು. ಶಿಸ್ತು ಇರಲಿಲ್ಲವೇ? ಗುರಿ ಇರಲಿಲ್ಲವೇ? ಬೆಳಗ್ಗೆ ಬೇಗ ಏಳುತ್ತಿರಲಿಲ್ಲವೇ? ಆದರೂ ಕಚೇರಿಯ ಜವಾನರು ಫೈಲುಗಳನ್ನು ದೂರದಿಂದ ಅವರ ಮೇಜಿಗೆ ಎಸೆಯುತ್ತಿದ್ದರು. ಉಳಿದುಕೊಂಡ ಪಾರ್ಸಿ ಛತ್ರದಿಂದ ಬಡಿಗೆ ಹಿಡಿದ ಜನ ಬಂದು ಹೊರಗೆ ಹಾಕಿದರು. ಆ ಮೇಜಿನ ಮೇಲೆ ಬಿದ್ದ ಫೈಲಿಗೆ ಯಾವ ಅಭ್ಯಾಸದಲ್ಲಿ ಮದ್ದಿದೆ? ಏಳು ಅಭ್ಯಾಸಗಳಲ್ಲಿ ಎಷ್ಟನೆಯದರಲ್ಲಿ ಇದೆ?

ಏಳು ಅಭ್ಯಾಸ ಎಂದಾಗ ನೆನಪಾಯಿತು. 1989ರ ಸ್ಟೀಫನ್ ಕೋವಿಯ ಪುಸ್ತಕ ನಿನ್ನ ಶವಸಂಸ್ಕಾರವನ್ನು ನೀನೇ ಕಣ್ಣಮುಂದೆ ತಂದುಕೋ, ಜನ ನಿನ್ನ ಬಗ್ಗೆ ಏನು ಹೇಳಬೇಕೆಂದು ಯೋಚಿಸು ಎನ್ನುತ್ತದೆ. ಯೋಚಿಸಿದೆವು. ಜನ ಏನು ಹೇಳುತ್ತಾರೆ ಎಂಬಲ್ಲಿಗೆ ನಮ್ಮ ಯೋಚನೆ ಮುಟ್ಟಲೇ ಇಲ್ಲ. ಹೂಳುವ ಜಾಗ ಯಾವುದು ಎಂಬಲ್ಲೇ ನಿಂತಿತು. ರಾಬರ್ಟ್ ಕಿಯೋಸಾಕಿಗೆ ಇಬ್ಬರು ಅಪ್ಪಂದಿರು, ಒಬ್ಬ ಶ್ರೀಮಂತ, ಒಬ್ಬ ಬಡವ. ಹಣಕ್ಕಾಗಿ ದುಡಿಯಬೇಡ ಎಂದು ಶ್ರೀಮಂತ ಅಪ್ಪ ಕಲಿಸಿದನಂತೆ. ನಮ್ಮ ಅಜ್ಜ ಒಂದು ದಿನವೂ ಹಣಕ್ಕಾಗಿ ದುಡಿಯಲಿಲ್ಲ. ಜೀತಕ್ಕಿದ್ದ. ವರ್ಷಕ್ಕೆ ಇಷ್ಟು ಭತ್ತ, ಒಂದು ಕಂಬಳಿ. 1976ರ ಕಾಯಿದೆ ಜೀತವನ್ನು ಅಪರಾಧ ಎಂದು ಸಾರುವವರೆಗೆ ಅವನಿಗೆ ಆ ಶ್ರೀಮಂತ ಪಾಠ ನಿತ್ಯ ನಡೆಯಿತು.

ತರಬೇತಿಯ ಮಹಾಶಯರು ನಮ್ಮ ಗೆಳೆಯನನ್ನು ಶಿರಾಳಕೊಪ್ಪದವನು ಎಂದು ತಿಳಿದು ಹಿಗ್ಗಿದರಂತೆ. “ಓಹೋ, ತಾಳಗುಂದದ ಪಕ್ಕ! ಮಯೂರನ ನಾಡು! ಅವಮಾನವನ್ನು ಅವಕಾಶ ಮಾಡಿಕೊಂಡವನು ಮಯೂರ” ಎಂದರಂತೆ. ತಾಳಗುಂದ ನಮಗೆ ಪಕ್ಕದ ಊರೇ. ಆ ಕಂಬದ ಮೇಲೆ ಕುಬ್ಜ ಎಂಬ ಕವಿ ಬರೆದ ಶಾಸನ ಏನು ಹೇಳುತ್ತದೆ? ಮಯೂರಶರ್ಮ ವೇದ ಓದಲು ಕಂಚಿಗೆ ಹೋದ ಬ್ರಾಹ್ಮಣ. ಅಲ್ಲಿ ಪಲ್ಲವರ ಕುದುರೆ ಕಾವಲಿನವನೊಂದಿಗೆ ಜಗಳವಾಯಿತು. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಗಡಿ ಕಾವಲು ಮುರಿದ, ಕಾಡು ಸೇರಿದ, ಪಲ್ಲವರು ರಾಜಿಗೆ ಬರುವವರೆಗೂ ಕಾಡಿದ. ಎಲ್ಲಿ ನಕ್ಕ? ಎಲ್ಲಿ ಮನೋಭಾವ ತಿದ್ದಿಕೊಂಡ? ‘ನನ್ನ ತಪ್ಪೇ ಇರಬೇಕು’ ಎಂದು ಎಲ್ಲಿ ಬರೆದುಕೊಂಡ? ಅವನು ಸಿಟ್ಟಾದರೆ ಸಾಮ್ರಾಜ್ಯದ ಇತಿಹಾಸ. ನಮ್ಮ ಕೇರಿಯ ಹುಡುಗ ಅವಮಾನಕ್ಕೆ ಸಿಟ್ಟಾದರೆ ಠಾಣೆಯಲ್ಲಿ ಕೇಸು, ಕಚೇರಿಯಲ್ಲಿ ‘ಆಟಿಟ್ಯೂಡ್ ಸರಿಯಿಲ್ಲ.’

ಇನ್ನು ಮುಖ್ಯ ಮಾತಿಗೆ ಬರೋಣ. ನಮ್ಮ ಜಿಲ್ಲೆಯಲ್ಲೇ, ಸಾಗರದ ಹತ್ತಿರ, ಕಾಗೋಡು ಎಂಬ ಊರಿದೆ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರು ಜೊತೆಗೆ ಬಂದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಶುರುವಾದದ್ದು ಯಾವುದಕ್ಕೆ? ಒಂದು ಕೊಳಗಕ್ಕೆ. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದಿತ್ತು. ಆ ಗೇಣಿದಾರರಲ್ಲಿ ಹೆಚ್ಚಿನವರು ದೀವರು, ನಮ್ಮ ಕೇರಿಯವರಲ್ಲ. ಆದರೂ ಅವರು ಕೇಳಿದ ಪ್ರಶ್ನೆ ನಮ್ಮದೂ ಹೌದು. ಅವರು ‘ಇನ್ನೂ ಹೆಚ್ಚು ಬೆಳೆಯುವುದು ಹೇಗೆ’ ಎಂದು ಕೇಳಲಿಲ್ಲ. ‘ಕೊಳಗವನ್ನು ಇಲ್ಲಿ ತನ್ನಿ, ನೋಡೋಣ’ ಎಂದರು.

ಗೆಳೆಯರೇ, ಈ ಎಲ್ಲ ಪುಸ್ತಕಗಳ ಗುಟ್ಟು ಇಷ್ಟೇ. ಕೊಳಗ ಬೇಗ ತುಂಬುವುದು ಹೇಗೆ, ನಗುನಗುತ್ತಾ ತುಂಬುವುದು ಹೇಗೆ, ಪಕ್ಕದವನಿಗಿಂತ ಮೊದಲು ತುಂಬುವುದು ಹೇಗೆ, ಇದನ್ನೆಲ್ಲ ನೂರು ವಿಧದಲ್ಲಿ ಕಲಿಸುತ್ತವೆ. ಕೊಳಗ ಎಷ್ಟು ದೊಡ್ಡದು, ಅದನ್ನು ಯಾರು ಮಾಡಿಸಿದರು, ಯಾರ ಕೈಯಲ್ಲಿದೆ ಎಂದು ಒಂದು ಪುಟದಲ್ಲೂ ಕೇಳುವುದಿಲ್ಲ.

ನಮ್ಮ ಗೆಳೆಯನ ಕೊಳಗದ ಹೆಸರು ಟಾರ್ಗೆಟ್. ಮೊದಲ ತಿಂಗಳು ಮುಟ್ಟಿದ. ಬೆನ್ನು ತಟ್ಟಿ, ಎಲ್ಲರ ಮುಂದೆ ಒಂದು ಪುಸ್ತಕ ಬಹುಮಾನ ಕೊಟ್ಟರು. ಎರಡನೆಯ ತಿಂಗಳು ಟಾರ್ಗೆಟ್ ಏರಿತು. ಅದನ್ನೂ ಮುಟ್ಟಿದ. ಮೂರನೆಯ ತಿಂಗಳು ಮತ್ತೆ ಏರಿತು. ಮುಟ್ಟಿದ್ದಕ್ಕೇ ಏರುವ ಟಾರ್ಗೆಟ್ಟಿಗೂ ತುಂಬಿದಷ್ಟೂ ದೊಡ್ಡದಾಗುವ ಕೊಳಗಕ್ಕೂ ಏನು ವ್ಯತ್ಯಾಸ? ಕಾಗೋಡಿನ ಕೊಳಗವಾದರೂ ಕಣ್ಣಿಗೆ ಕಾಣುವ ವಸ್ತು, ನಾಲ್ಕು ಜನ ಹಿಡಿದು ಅಳೆಯಬಹುದಿತ್ತು. ಇದು ಮೊಬೈಲಿನಲ್ಲಿ ರಾತ್ರಿ ಹತ್ತಕ್ಕೆ ಬರುವ ಒಂದು ಸಂಖ್ಯೆ.

ನಾಲ್ಕನೆಯ ತಿಂಗಳು ಶುಂಠಿ ಬೆಲೆ ಬಿದ್ದಿತ್ತು. ಕೇರಿಯಲ್ಲಿ ಕೂಲಿ ಇರಲಿಲ್ಲ. ಚಿಗವ್ವನ ಬಾಗಿಲಿಗೆ ಮತ್ತೆ ಹೋಗಲು ಅವನ ಕಾಲು ಏಳಲಿಲ್ಲ. ಕೆಲಸ ಹೋಯಿತು. ವಸೂಲಿಯ ಹಿಂಸೆ ಎಷ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವೇ ಕಿರುಸಾಲ ಕಂಪನಿಗಳ ಬಲವಂತದ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲಗಾರರ ಗೋಳು ಪತ್ರಿಕೆಯಲ್ಲಿ ಬಂತು. ಅದೇ ಕೇರಿಯ ಹುಡುಗನನ್ನು ಅದೇ ಕೇರಿಯ ಮೇಲೆ ಬಿಟ್ಟ ಗೋಳು ಎಲ್ಲೂ ಬರಲಿಲ್ಲ.

ಕೆಲಸ ಹೋದದ್ದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ದಿನಾ ಇಸ್ತ್ರಿ ಅಂಗಿ ತೊಟ್ಟು ಡಬ್ಬಿ ಹಿಡಿದು ಹೊರಡುತ್ತಿದ್ದ. ಬಳ್ಳಿಗಾವಿಗೆ ಹೋಗಿ ಕೇದಾರೇಶ್ವರ ಗುಡಿಯ ಹತ್ತಿರ ಸಂಜೆಯವರೆಗೆ ಕೂತು ಬರುತ್ತಿದ್ದ. ಮೂರು ವಾರ ಹೀಗೆ. ನಾವು ಹುಡುಕಿಕೊಂಡು ಹೋದಾಗ ಅವನ ತೊಡೆಯ ಮೇಲೆ ಬಹುಮಾನದ ಪುಸ್ತಕವಿತ್ತು. ಕೈಯಲ್ಲೊಂದು ನೋಟ್‌ಬುಕ್. ಅದರ ತಲೆಬರಹ: ‘ನನ್ನ ತಪ್ಪುಗಳು.’ ಹದಿನಾಲ್ಕು ತಪ್ಪು ಬರೆದಿದ್ದ. ಆತ್ಮವಿಶ್ವಾಸ ಸಾಲದು. ಇಂಗ್ಲಿಷ್ ಸಾಲದು. ನಗುವುದು ಸಾಲದು. ಬೇಗ ಏಳುವುದಿಲ್ಲ. ಭಾವುಕನಾಗುತ್ತೇನೆ. ಹದಿನಾಲ್ಕರಲ್ಲಿ ಕಂಪನಿಯದು ಒಂದೂ ಇರಲಿಲ್ಲ. ಬಿದ್ದ ಶುಂಠಿ ಬೆಲೆ ಇರಲಿಲ್ಲ. ಏರಿದ ಟಾರ್ಗೆಟ್ ಇರಲಿಲ್ಲ.

ಅಲ್ಲಮನ ಊರು ಎನ್ನುವ ಬಳ್ಳಿಗಾವಿಯಲ್ಲಿ ಕೂತು ನಮ್ಮ ಹುಡುಗ ತನ್ನ ಮೇಲೆ ತಾನೇ ಆರೋಪಪಟ್ಟಿ ಬರೆಯುತ್ತಿದ್ದ!

ನಮ್ಮ ಸಿಟ್ಟು ಇದಕ್ಕೆ. ಪುಸ್ತಕ ಸುಳ್ಳು ಹೇಳುತ್ತದೆ ಎಂಬುದಕ್ಕಲ್ಲ. ನಮ್ಮ ಅಜ್ಜನಿಗೆ ಹೊಡೆಯಲು ಒಬ್ಬ ಆಳು ಬೇಕಿತ್ತು, ಒಂದು ಬಾರುಕೋಲು ಬೇಕಿತ್ತು. ಅಜ್ಜನಿಗೆ ಗೊತ್ತಿತ್ತು ಹೊಡೆದವನು ಯಾರು ಎಂದು. ನಮಗೆ ಅದೂ ಗೊತ್ತಾಗದ ಹಾಗೆ ಮಾಡಿದ್ದಾರೆ. ಬಾರುಕೋಲು ನಮ್ಮ ಕೈಗೇ ಕೊಟ್ಟು, ಬೆನ್ನೂ ನಿಮ್ಮದೇ, ಹೊಡೆದುಕೊಳ್ಳಿ, ಇದಕ್ಕೆ ಸ್ವ-ಸುಧಾರಣೆ ಎಂದು ಹೆಸರು ಎಂದಿದ್ದಾರೆ. ಹಿಂದೆ ಬಡತನಕ್ಕೆ ಹಿಂದಿನ ಜನ್ಮದ ಕರ್ಮ ಕಾರಣ ಎಂದರು. ಈಗ ಈ ಜನ್ಮದ ಮನೋಭಾವ ಕಾರಣ ಎನ್ನುತ್ತಾರೆ. ಪುರೋಹಿತ ಧೋತ್ರ ಬಿಟ್ಟು ಟೈ ಕಟ್ಟಿದ್ದಾನೆ, ಮಂತ್ರ ಅದೇ.

1998ರಲ್ಲಿ ಸ್ಪೆನ್ಸರ್ ಜಾನ್ಸನ್ ಬರೆದ ಇನ್ನೊಂದು ಪುಸ್ತಕವಿದೆ. ಎರಡು ಇಲಿ, ಇಬ್ಬರು ಪುಟಾಣಿ ಮನುಷ್ಯರು, ಒಂದು ಚಕ್ರವ್ಯೂಹ. ಒಂದು ದಿನ ಚೀಸು ಮಾಯವಾಗುತ್ತದೆ. ಇಲಿಗಳು ಪ್ರಶ್ನೆ ಕೇಳದೆ ಹೊಸ ಚೀಸು ಹುಡುಕಿ ಓಡುತ್ತವೆ, ಜಾಣರು. ಕೂತು ಪ್ರಶ್ನೆ ಕೇಳುವ ಮನುಷ್ಯ ದಡ್ಡ. ನೌಕರರನ್ನು ತೆಗೆಯುವಾಗ ಕಂಪನಿಗಳು ಈ ಪುಸ್ತಕವನ್ನು ಹಂಚಿದ್ದುಂಟು. ಪುಸ್ತಕದ ಹೆಸರೇ ಪ್ರಶ್ನೆ: ನನ್ನ ಚೀಸು ತೆಗೆದವರು ಯಾರು? ಕೊನೆಯ ಪುಟದವರೆಗೆ ಓದಿದರೂ ಉತ್ತರವಿಲ್ಲ. ಉತ್ತರ ಕೇಳುವುದೇ ತಪ್ಪು ಎಂಬುದು ಪಾಠ. ಮನುಷ್ಯನಿಗಿಂತ ಇಲಿ ವಾಸಿ ಎಂದು ಹೇಳುವ ಪುಸ್ತಕವನ್ನು ಮನುಷ್ಯರಿಗೆ ಹಂಚುತ್ತಾರಲ್ಲ, ಇದಕ್ಕೆ ಏನನ್ನೋಣ?

ನಾವು ಅನ್ನುತ್ತೇವೆ: ಬೂಸಾ. ಈ ಮಾತು ನಮಗೆ ಬಿ. ಬಸವಲಿಂಗಪ್ಪನವರು ಕೊಟ್ಟ ಆಸ್ತಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಅವರೂ ಕಾರ್ನೆಗಿಯ ಪಾಠ ಓದಿದ್ದರೆ ಹಾಗೆ ಅನ್ನುತ್ತಿರಲಿಲ್ಲ, ಮಂತ್ರಿಯಾಗಿ ಉಳಿಯುತ್ತಿದ್ದರು. ಆದರೆ ಆ ಏಟುಗಳಿಂದ ಎದ್ದ ಚಳವಳಿ ಏಳುತ್ತಿರಲಿಲ್ಲ. ಬೂಸಾ ತಿಂದ ಎತ್ತು ದಷ್ಟಪುಷ್ಟವಾಗುತ್ತದೆ, ನಿಜ. ಯಾರ ಗಾಡಿ ಎಳೆಯಲು?

ಈಗ ಗಾಡಿಯ ಭಾರವೂ ಏರುತ್ತಿದೆ. ಅಂಬೇಡ್ಕರರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರ ತಿದ್ದುಪಡಿಯಿಂದ ಕಾರ್ಖಾನೆಯ ದುಡಿಮೆ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಯಿತು. 2023ರಲ್ಲಿ ನಮ್ಮ ರಾಜ್ಯ ವಾರದ ಲೆಕ್ಕವನ್ನು ಹಾಗೇ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ ಬಾಯಲ್ಲಿ ಅದು 90 ಆಯಿತು. ಕೊಳಗ ಹೇಗೆ ಬೆಳೆಯುತ್ತದೆ ನೋಡಿ! ನಮ್ಮ ಅವ್ವ ನಸುಕಿನ ನಾಲ್ಕಕ್ಕೆ ಎದ್ದು, ಸೊಪ್ಪು ಸೌದೆ ನೀರು ಮುಗಿಸಿ, ಬೇರೆಯವರ ಗದ್ದೆಯಲ್ಲಿ ಸಂಜೆಯವರೆಗೆ ಬಗ್ಗಿ, ಮತ್ತೆ ಒಲೆ ಹಚ್ಚಿದವಳು. ಬೆಳಗ್ಗೆ ಬೇಗ ಏಳುವವರೇ ಶ್ರೀಮಂತರಾಗುತ್ತಾರೆ ಎಂಬುದು ನಿಜವಾಗಿದ್ದರೆ ಶಿರಾಳಕೊಪ್ಪದ ಅರ್ಧ ಊರು ಅವಳ ಹೆಸರಿನಲ್ಲಿರಬೇಕಿತ್ತು.

‘ಹಾಗಾದರೆ ಓದಬಾರದೇ? ಶಿಸ್ತು ಬೇಡವೇ?’ ಎಂದು ಕೇಳುವವರಿದ್ದಾರೆ. ಓದಿ. ಏಳಿ. ಇಂಗ್ಲಿಷ್ ಕಲಿಯಿರಿ, ಎದೆಯೆತ್ತಿ ಮಾತಾಡಿ. ಶಿಸ್ತು ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಪುಸ್ತಕ ಒಬ್ಬೊಬ್ಬರನ್ನೇ ಕರೆದು ಕಿವಿಯಲ್ಲಿ ಹೇಳುತ್ತದಲ್ಲ, ಅದನ್ನು ನಂಬಬೇಡಿ. ಒಬ್ಬರೇ ಓದಬೇಡಿ.

ಗಾರ್ಮೆಂಟ್ಸಿನ ನಮ್ಮ ಗೆಳತಿ ಒಂದು ಕೆಲಸ ಮಾಡಿದಳು. ಅವಳ ಕಡೆ ಹೆಚ್ಚುವರಿ ದುಡಿಮೆಗೆ ಎಲ್ಲರಿಗೂ ಕೊಡುತ್ತಿದ್ದುದು ಒಂದರಷ್ಟು ಕೂಲಿ. ಕಾರ್ಖಾನೆ ಕಾಯಿದೆಯಲ್ಲಿ ಇದ್ದುದು ಎರಡರಷ್ಟು. ಮೊದಲು ಒಬ್ಬಳೇ ಹೋಗಿ ಕೇಳಿದಳು. ‘ನಿನ್ನ ಮನೋಭಾವ ಸರಿಯಿಲ್ಲಮ್ಮಾ, ಪಾಸಿಟಿವ್ ಆಗಿರು’ ಎಂದು ಕಳಿಸಿದರು. ಆಮೇಲೆ ಊಟದ ಬಿಡುವಿನಲ್ಲಿ ಕಾಯಿದೆಯ ಆ ಕಲಮನ್ನು ಜೊತೆಯವರಿಗೆ ಗಟ್ಟಿಯಾಗಿ ಓದಿ ಹೇಳಿದಳು. ಹನ್ನೊಂದು ಹೆಂಗಸರು ಸಂಬಳದ ಚೀಟಿ ಹಿಡಿದು ಒಟ್ಟಿಗೆ ಹೋದರು. ಒಬ್ಬಳು ಹೋದಾಗ ಬಂದದ್ದು ಮನೋಭಾವದ ಮಾತು. ಹನ್ನೊಂದು ಜನ ಹೋದಾಗ ಬಂದದ್ದು ಲೆಕ್ಕದ ಮಾತು. ಪೂರಾ ಗೆದ್ದರು ಎಂದು ಹೇಳುವುದಿಲ್ಲ. ಎರಡು ತಿಂಗಳ ಬಾಕಿ ಬಂತು, ಹಳೆಯದು ಬರಲಿಲ್ಲ. ಆದರೆ ಕೊಳಗ ಒಂದು ಸಲ ಮೇಜಿನ ಮೇಲೆ ಬಂತು. ಎಲ್ಲರೂ ನೋಡಿದರು.

ಅವತ್ತು ಬಳ್ಳಿಗಾವಿಯಲ್ಲಿ ಗೆಳೆಯನ ನೋಟ್‌ಬುಕ್ಕನ್ನು ನಾವು ಹರಿಯಲಿಲ್ಲ. ಮಗ್ಗಲು ಪುಟ ತಿರುಗಿಸಿ, ಎಲ್ಲರೂ ಕೂತು ಬರೆದೆವು. ಟಾರ್ಗೆಟ್ ಎಷ್ಟಿತ್ತು, ಯಾವ ತಿಂಗಳು ಎಷ್ಟಾಯಿತು, ಏರಿಸಿದವರು ಯಾರು, ಸಂಬಳ ಎಷ್ಟು ಏರಿತು, ಪಿಎಫ್ ಹಿಡಿದರೋ ಇಲ್ಲವೋ, ನೇಮಕದ ಪತ್ರ ಎಲ್ಲಿದೆ. ಬರೆಯುತ್ತಾ ಬರೆಯುತ್ತಾ ಅವನ ದನಿ ಏರಿತು. ಮೂರು ವಾರದ ನಂತರ ಮೊದಲ ಸಲ ಅವನು ಒಂದು ಕೆಟ್ಟ ಬೈಗುಳ ಬೈದ. ನಮಗೆ ಜೀವ ಬಂತು. ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ನಿಜ ಹೇಳಿದ. ಮರುದಿನ ಚಿಗವ್ವನ ಮನೆಗೆ ಹೋದ, ಕಂತು ಕೇಳಲಿಕ್ಕಲ್ಲ. ಅವಳ ಸಾಲದ ಚೀಟಿ ಓದಿ ಬಡ್ಡಿ ಎಷ್ಟೆಂದು ಲೆಕ್ಕ ಹಾಕಿ ಹೇಳಲಿಕ್ಕೆ.

ಗೆಳೆಯರೇ, ನಿಮ್ಮ ಕೈಗೂ ಇಂಥ ಪುಸ್ತಕ ಬರುತ್ತದೆ. ಬಹುಮಾನವಾಗಿ ಬರುತ್ತದೆ, ತರಬೇತಿಯಲ್ಲಿ ಬರುತ್ತದೆ, ಕೆಲಸದಿಂದ ತೆಗೆಯುವ ದಿನ ಬರುತ್ತದೆ. ಇಸಕೊಳ್ಳಿ. ಅದರ ಖಾಲಿ ಪುಟಗಳಲ್ಲಿ ನಿಮ್ಮ ದುಡಿಮೆಯ ಗಂಟೆ ಬರೆಯಿರಿ, ಕೂಲಿ ಬರೆಯಿರಿ, ಮುರಿದುಕೊಂಡದ್ದು ಬರೆಯಿರಿ. ಪಕ್ಕದವನಿಗೆ ತೋರಿಸಿ, ಅವನದನ್ನೂ ಕೇಳಿ. ಆಮೇಲೆ ನಗಬೇಕೆನಿಸಿದರೆ ನಗಿ.

ಕೊಳಗ ತುಂಬಿಸಿದ್ದು ಸಾಕು. ಅದನ್ನು ಇತ್ತ ತನ್ನಿ. ಅಳೆಯೋಣ.